ಬೆಳಕು ಬಿದ್ದರಷ್ಟೇ ಜಮಾ



ನಾನು ವಿಜ್ಞಾನಿಯಲ್ಲ, ಚಾರ್ಟರ್ಡ್ ಅಕೌಂಟೆಂಟ್. ಆದರೂ ಇವತ್ತಿನ ಮಾತು ನ್ಯಾನೋ ಎಳೆಗಳ ಬಗ್ಗೆ. ಏರ್ ಪ್ಯೂರಿಫೈಯರ್, ನೀರಿನ ಫಿಲ್ಟರ್‌ಗಳ ಡಬ್ಬಿಯ ಮೇಲೆ ‘ನ್ಯಾನೋ’, ‘ಫೋಟೋಕೆಟಲಿಸ್ಟ್’ ಎಂಬ ಪದಗಳನ್ನು ನೀವೂ ನೋಡಿರುತ್ತೀರಿ. ಊರಿಗೆ ಕಳಿಸಬೇಕಾದ ದುಡ್ಡಿನಲ್ಲಿ ಅದನ್ನು ಕೊಳ್ಳುವ ಮುನ್ನ ಅದರ ಲೆಕ್ಕ ತಿಳಿದಿರಲಿ.

ಟೈಟಾನಿಯಂ ಡೈಆಕ್ಸೈಡ್ ಅಪರೂಪದ ವಸ್ತುವಲ್ಲ. ಗೋಡೆಗೆ ಹಚ್ಚುವ ಬಿಳಿ ಪೇಂಟಿನಲ್ಲೂ ಇರುತ್ತದೆ. ಬೆಳಕಿನ ನೆರವಿನಿಂದ ಅದು ನೀರನ್ನೇ ಒಡೆಯಬಲ್ಲದು ಎಂದು 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನೇರಳಾತೀತ ಕಿರಣ ತಗುಲಿದಾಗ ಒಂದು ಎಲೆಕ್ಟ್ರಾನ್ ಮೇಲೇಳುತ್ತದೆ. ಅದರ ಜಾಗ ಖಾಲಿಯಾಗುತ್ತದೆ. ನಮ್ಮ ಡಬಲ್ ಎಂಟ್ರಿ ಲೆಕ್ಕದ ಹಾಗೆಯೇ, ಒಂದು ಕಡೆ ಬರೆದರೆ ಇನ್ನೊಂದು ಕಡೆಯೂ ಬರೆಯಲೇಬೇಕು. ಎಲೆಕ್ಟ್ರಾನ್ ಆಮ್ಲಜನಕದ ಜೊತೆ, ಖಾಲಿ ಜಾಗ ನೀರಿನ ಜೊತೆ ವರ್ತಿಸಿ ಚುರುಕಾದ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತವೆ. ಅವು ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಮಾಡುತ್ತವೆ, ನೀರಿನಲ್ಲಿರುವ ಬಟ್ಟೆಯ ಬಣ್ಣದಂಥ ಕೊಳೆಯನ್ನು ಒಡೆಯುತ್ತವೆ. ಎಲೆಕ್ಟ್ರಾನ್ ಕೆಲಸ ಮಾಡುವ ಮೊದಲೇ ಖಾಲಿ ಜಾಗಕ್ಕೆ ಮರಳಿದರೆ ಮಾತ್ರ ಬಿದ್ದ ಬೆಳಕೆಲ್ಲ ನಷ್ಟ.

ಪುಡಿ ಬಿಟ್ಟು ಎಳೆ ಏಕೆ? ನೀರಿಗೆ ಬೆರೆತ ನ್ಯಾನೋ ಪುಡಿಯನ್ನು ಮರಳಿ ತೆಗೆಯುವುದು ಕಷ್ಟ; ಎಳೆಗಳ ಹಾಸನ್ನಾದರೆ ಎತ್ತಿಡಬಹುದು. ಟೈಟಾನಿಯಂ ಸಂಯುಕ್ತ ಬೆರೆಸಿದ ಪಾಲಿಮರ್ ದ್ರಾವಣವನ್ನು ಸಾವಿರಾರು ವೋಲ್ಟ್ ವಿದ್ಯುತ್ತಿನ ಸೆಳೆತದಲ್ಲಿ ಸೂಜಿಯಿಂದ ಎಳೆಯಾಗಿ ಎಳೆದು, ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಪಾಲಿಮರ್ ಉರಿದುಹೋಗಿ ಆಕ್ಸೈಡ್ ಎಳೆ ಉಳಿಯುತ್ತದೆ. 100 ನ್ಯಾನೋಮೀಟರ್ ದಪ್ಪದ ಎಳೆಯ ಲೆಕ್ಕ ಹಾಕಿದೆ: ಒಂದು ಗ್ರಾಮಿನ ಹೊರಮೈ ಸುಮಾರು 10 ಚದರ ಮೀಟರ್, ಒಂದು ಸಣ್ಣ ಕೋಣೆಯ ನೆಲದಷ್ಟು! ಕೆಲಸ ನಡೆಯುವುದು ಹೊರಮೈಯಲ್ಲೇ. ಆದರೆ ಈ ಎಳೆಗಳು ಬೇಗ ಮುರಿಯುತ್ತವೆ.

ದೊಡ್ಡ ಕೊರತೆ ಬೆಳಕಿನದು. ಬಿಸಿಲಿನಲ್ಲಿ ನೇರಳಾತೀತ ಭಾಗ ಶೇ. 5ರಷ್ಟು, ಮನೆಯ ಎಲ್‌ಇಡಿ ದೀಪದಲ್ಲಿ ಬಹುತೇಕ ಇಲ್ಲ. ಬೆಳ್ಳಿ ಸೇರಿಸಿದ ಎಳೆಗಳು, ಸತುವಿನ ಆಕ್ಸೈಡ್ ಎಳೆಗಳು ಕತ್ತಲಲ್ಲೂ ಲೋಹದ ಅಯಾನುಗಳನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲವು. ಅದು ಬಡ್ಡಿಯಲ್ಲ, ಅಸಲನ್ನೇ ಕರಗಿಸುವ ವ್ಯವಹಾರ.

ಹಾಗಾಗಿ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಒಳಗೆ ನೇರಳಾತೀತ ದೀಪ ಇದೆಯೇ? ಪರೀಕ್ಷೆ ಎಷ್ಟು ಹೊತ್ತು, ಯಾವ ಬೆಳಕಿನಲ್ಲಿ ನಡೆಯಿತು? ಕೊಳೆ ಪೂರ್ತಿ ಒಡೆಯುತ್ತದೆಯೇ? ಅರ್ಧಂಬರ್ಧ ಒಡೆದರೆ ಫಾರ್ಮಾಲ್ಡಿಹೈಡ್‌ನಂಥ ಹಾನಿಕರ ವಸ್ತು ಕೋಣೆಯ ಗಾಳಿಗೆ ಸೇರಬಹುದು.

ಉತ್ತರ ಬಾರದಿದ್ದರೆ ಆ ದುಡ್ಡು ಊರಿಗೇ ಹೋಗಲಿ.