ಕಲ್ಲಿಗೆ ಕಾವಲುಂಟು, ಕಾಗದಕ್ಕೆ?

ಬಾದಾಮಿಯ ಅಗಸ್ತ್ಯತೀರ್ಥದ ಬಡಗಣ ದಂಡೆಯಲ್ಲಿ, ಕೋಟೆಬೆಟ್ಟದ ಬುಡದಲ್ಲಿ, ಒಂದು ವಸ್ತುಸಂಗ್ರಹಾಲಯವಿದೆ. ಮೇಣಬಸದಿಗಳನ್ನು ಹತ್ತಿಳಿದು ದಣಿದ ಪ್ರವಾಸಿಗರಲ್ಲಿ ಹಲವರು ಅದರ ಬಾಗಿಲನ್ನು ಕಾಣುವುದಿಲ್ಲ. ಒಳಹೊಕ್ಕವರು ನಾಗನಾಥಕೊಳ್ಳದಲ್ಲಿ ದೊರೆತ ಲಜ್ಜಾಗೌರಿಯ ಮುಂದೆ ಮೂಕರಾಗಿ ನಿಲ್ಲುತ್ತಾರೆ.

ಈ ಶಿಲ್ಪವು ತನ್ನ ನೆಲದಲ್ಲಿಯೇ ಉಳಿದುದು ಸಣ್ಣ ಮಾತಲ್ಲ. ಸಮೀಪದ ಮಹಾಕೂಟದಲ್ಲಿದ್ದ ಮಂಗಲೇಶನ ಶಾಸನಸ್ತಂಭವು ಹಿಂದೆಯೇ ವಿಜಾಪುರಕ್ಕೆ ಸಾಗಿತು. ಇಂದಿಗೂ ಅದು ಗೋಳಗುಮ್ಮಟದ ಸಂಗ್ರಹಾಲಯದಲ್ಲಿದೆ. ಬಾದಾಮಿಯಲ್ಲಿ ಆಗ ಸಂಗ್ರಹಾಲಯವಿರಲಿಲ್ಲ. ಕೇಂದ್ರ ಸರಕಾರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 1979ರಲ್ಲಿ ಇಲ್ಲಿ ಶಿಲ್ಪಗಳಿಗೊಂದು ಸೂರು ಒದಗಿಸಿ, 1982ರಲ್ಲಿ ಅದನ್ನು ಸಂಗ್ರಹಾಲಯವನ್ನಾಗಿ ಮಾಡಿತು. ಹುನಗುಂದ ಸೀಮೆಯ ಐಹೊಳೆಯಲ್ಲಿ 1970ರ ಸೂರು 1987ರಲ್ಲಿ ಸಂಗ್ರಹಾಲಯವಾಯಿತು.

ಕಲ್ಲಿಗೆ ದಿಲ್ಲಿಯ ಹಣವಾದರೆ ಪುಸ್ತಕಕ್ಕೆ ಊರವರದೂ ಹಣವುಂಟು. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ಸಲ್ಲುತ್ತದೆ. ಬಾಗಲಕೋಟೆಯ ಗೃಹಸ್ಥನು ಮನೆಪಟ್ಟಿ ಕಟ್ಟುವಾಗ ತನಗರಿಯದೆಯೇ ಊರಿನ ಗ್ರಂಥಾಲಯಕ್ಕೂ ಕಾಣಿಕೆ ಕೊಡುತ್ತಾನೆ. ಕಲ್ಕತ್ತೆಯಲ್ಲಿ 1972ರಲ್ಲಿ ಸ್ಥಾಪಿತವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವು ರಾಜ್ಯಗಳೊಡಗೂಡಿ ಪುಸ್ತಕ ಖರೀದಿಗೆ ನೆರವಾಗುತ್ತದೆ. ತೆತ್ತ ಹಣದ ಫಲವನ್ನು ಉಣ್ಣದೆ ಬಿಡುವುದು ಜಾಣತನವಲ್ಲ.

ಇನ್ನುಳಿದುದು ಕಾಗದ. ಈ ಸೀಮೆಯು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಹಳೆಯ ಸರಕಾರಿ ಕಡತಗಳನ್ನು ಅರಸುವವನು ಬೆಂಗಳೂರಿನ ರಾಜ್ಯ ಪತ್ರಾಗಾರದ ಜೊತೆಗೆ ಮುಂಬಯಿಯ ಪತ್ರಾಗಾರವನ್ನೂ ನೋಡಬೇಕು. ದೂರವಾದರೂ ಅವಕ್ಕೊಂದು ಕಪಾಟು ಉಂಟು. ಆದರೆ ಇಳಕಲ್ಲಿನ ನೇಕಾರನ ಲೆಕ್ಕದ ವಹಿ, ವರ್ತಕನ ಕೀರ್ದಿ-ಖಾತೆ, ಅಜ್ಜಿಯ ಮದುವೆಯ ಯಾದಿ, ಇವುಗಳ ಗತಿಯೇನು? ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿದಾಗ ಎಷ್ಟೋ ಸಂಸಾರಗಳು ನವನಗರಕ್ಕೆ ತೆರಳಿದವು. ಮನೆ ಬಿಡುವ ಗಡಿಬಿಡಿಯಲ್ಲಿ ಪಾತ್ರೆ-ಪಡಗಗಳು ಗಾಡಿಯೇರುತ್ತವೆ. ಅಟ್ಟದ ಮೇಲಿನ ಕಾಗದದ ಗಂಟು ರದ್ದಿಯವನ ಪಾಲಾಗುತ್ತದೆ.

ರವಿಕೀರ್ತಿಯು 634ರಲ್ಲಿ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಶಾಸನವನ್ನು ಕೊರೆಯಿಸಿದ್ದರಿಂದ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳು ನಾಡಿಗೆ ತಿಳಿದವು. ನೇಕಾರನಿಗೆ ಕಲ್ಲು ಕೊರೆಯಿಸುವ ಐಸಿರಿ ಎಲ್ಲಿಂದ ಬರಬೇಕು? ಅವನ ಚರಿತ್ರೆಯಿರುವುದು ಆ ವಹಿಯಲ್ಲಿಯೇ. ಪತ್ರಾಗಾರವು ಖಾಸಗಿ ಕಾಗದಗಳನ್ನು ಒಲ್ಲೆನ್ನುವುದಿಲ್ಲ. ಆದರೆ ಮನೆಮನೆಯ ಅಟ್ಟವನ್ನೇರಿ ಹುಡುಕಲಾರದು. ಗಂಟನ್ನು ಬಿಚ್ಚಿ, ಧೂಳು ಕೊಡವಿ, ಯಾರದು, ಯಾವ ವರ್ಷದ್ದು ಎಂದು ಚೀಟಿ ಬರೆದು, ತೇವ ತಾಗದೆಡೆಯಲ್ಲಿರಿಸುವ ಕೆಲಸಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ಮನೆಯ ಹಿರಿಯರು ಬದುಕಿರುವಾಗಲೇ ಅದು ನಡೆಯಬೇಕು. ಚೀಟಿಯಲ್ಲಿ ಬರೆಯಬೇಕಾದ ಹೆಸರುಗಳು ಅವರಿಗೆ ಮಾತ್ರ ಗೊತ್ತು.