ಹದಿನಾರಾಣೆ ಲೆಕ್ಕ

ಮಾತು ಪೂರಾ ಖರೆ ಇದ್ದರ ‘ಹದಿನಾರಾಣೆ ಖರೆ’ ಅಂತೀವಿ. 1957ರ ಏಪ್ರಿಲ್ 1ಕ್ಕೆ ಹೊಸ ಪೈಸೆ ಬರುವ ತನಕ ಒಂದು ರೂಪಾಯಿಗೆ 16 ಆಣೆ ಇದ್ದವು. ನಾವು ಹತ್ತರ ಗುಂಪು ಮಾಡಿ ಎಣಿಸುತ್ತೇವೆ, ಆ ಲೆಕ್ಕ ಹದಿನಾರರ ಗುಂಪಿನದು.

ನಮ್ಮ ಅಜ್ಜ ಒಂದಿನ ಕೇಳಿದ: “ಐದು ಮಂದಿ ಆಳಿಗೆ 3 ರೂಪಾಯಿ 7 ಆಣೆ ಹಂಚಬೇಕು. ಆಣೆ ಮುರಿಸದ ಸರಿ ಹೋಗತೈತೇನು?” ನಾನು ಪಾಟಿ ಹುಡುಕೋದ್ರಾಗ ಅವನೇ “ಹೋಗತೈತಿ” ಅಂದ. 3 ಮತ್ತು 7 ಕೂಡಿಸಿದನಂತೆ, 10 ಬಂತು, ಹತ್ತಕ್ಕೆ ಐದು ಹೋಗುತ್ತದೆ, ಅಷ್ಟೆ! ನಾನು ನಂಬಲಿಲ್ಲ. ಬಿಡಿಸಿ ನೋಡಿದೆ. ಒಟ್ಟು 55 ಆಣೆ, ಒಬ್ಬೊಬ್ಬರಿಗೆ 11!

ಇದರ ಗುಟ್ಟು ಏನೆಂದರೆ, 16 ಅಂದರೆ 15 ಮತ್ತು 1. ಪ್ರತಿ ರೂಪಾಯಿಯಿಂದ 15 ಆಣೆ ತೆಗೆದಿಟ್ಟರೆ ಒಂದೇ ಆಣೆ ಉಳಿಯುತ್ತದೆ. ತೆಗೆದಿಟ್ಟ ಹದಿನೈದನ್ನು 3 ಮಂದಿಗೆ, 5 ಮಂದಿಗೆ, 15 ಮಂದಿಗೆ ಹೇಗೂ ಹಂಚಬಹುದು. ಉಳಿದ ಒಂದೊಂದು ಆಣೆಗೆ ಮೇಲಿನ ಬಿಡಿ ಆಣೆ ಕೂಡಿಸಿ ನೋಡಿದರೆ ಸಾಕು.

ಸಾಲ್ಯಾಗ ಅಂಕಿ ಕೂಡಿಸಿ 9 ಹೋಗುತ್ತದೋ ಇಲ್ಲೋ ನೋಡುತ್ತೇವಲ್ಲ, ಅದೂ ಇದೇ. ಅಲ್ಲಿ 10 ಅಂದರೆ 9 ಮತ್ತು 1. ಆದರೆ ಆಣೆಯೊಳಗ 9ರ ಆಟ ನಡೆಯಂಗಿಲ್ಲ. 1 ರೂಪಾಯಿ 8 ಆಣೆ ಕೂಡಿಸಿದರೆ 9 ಬರುತ್ತದೆ, ಖರೇ ಆಣೆ 24. ಒಂಬತ್ತು ಮಂದಿಗೆ ಹಂಚಿದರೆ 6 ಆಣೆ ಉಳಿದು ಜಗಳ!

ಕಂಪ್ಯೂಟರಿನವರೂ ಹದಿನಾರರ ಗುಂಪು ಬಳಸುತ್ತಾರೆ. ಆ ಪದ್ಧತಿಯಲ್ಲಿ 55 ಬರೆಯುವುದು 37 ಎಂದು. ಅಜ್ಜನ 3 ರೂಪಾಯಿ 7 ಆಣೆ!

ಈಗ ಪಾಟಿ ಮುಟ್ಟದೆ ಹೇಳಿರಿ: 7 ರೂಪಾಯಿ 8 ಆಣೆ 15 ಮಂದಿಗೆ ಸರಿ ಹೋಗತೈತೇನು?