ಹೋಟೇಲಿನ ತಪಾಸಣೆ: ರೈತರೂ ತಿಳಿದಿರಬೇಕಾದ ಸಂಗತಿ

ಮೀಂಜದಂತಹ ಅಡಿಕೆ, ತೆಂಗು, ಭತ್ತದ ಊರಿನಲ್ಲಿ ಹೋಟೇಲಿಗೂ ಹಿತ್ತಿಲಿಗೂ ಬಹಳ ದೂರವಿಲ್ಲ. ಅಲ್ಲಿಯ ಹಾಲು, ತೆಂಗಿನಕಾಯಿ, ಬಾಳೆಯೆಲೆ ನಮ್ಮಲ್ಲಿಂದಲೇ ಹೋಗುವುದು. ಸಂಜೆ ಚಾ ಕುಡಿಯಲು ಹೋಗಿ ಕುಳಿತುಕೊಳ್ಳುವವರೂ ನಾವೇ. ಆದುದರಿಂದ ಆಹಾರ ಸುರಕ್ಷಾ ಅಧಿಕಾರಿ ಬಂದರೆ ಅದು ಹೋಟೇಲಿನವನೊಬ್ಬನ ತಲೆನೋವೆಂದು ಸುಮ್ಮನಿರುವುದು ಸರಿಯಲ್ಲ.

ನಮ್ಮ ಜಿಲ್ಲೆಯ ತೆಂಕು ಭಾಗದ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳ ಆರಂಭದಲ್ಲಿ ನಡೆದ ದುರಂತ ಹಲವರಿಗೆ ನೆನಪಿರಬಹುದು. ಅಂಗಡಿಯೊಂದರ ಶವರ್ಮ ತಿಂದ ಅನೇಕರು ಆಸ್ಪತ್ರೆ ಸೇರಿದರು. 16 ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ರೋಗಿಗಳಲ್ಲಿ ಶಿಗೆಲ್ಲ ಎಂಬ ರೋಗಾಣು ಕಂಡುಬಂತು. ಇದು ರೋಗಿಯ ಮಲದಿಂದ ಹೊರಟು ನೀರು, ಕೈ, ನೊಣಗಳ ಮೂಲಕ ಆಹಾರವನ್ನು ಸೇರುತ್ತದೆ. ನೂರಕ್ಕೂ ಕಡಿಮೆ ರೋಗಾಣುಗಳು ಹೊಟ್ಟೆ ಸೇರಿದರೂ ರಕ್ತಭೇದಿ ಹಿಡಿಯಬಹುದು. ಹೀಗೆ ಕೆಟ್ಟ ಆಹಾರಕ್ಕೆ ವಾಸನೆಯಾಗಲಿ ರುಚಿಭೇದವಾಗಲಿ ಇರಬೇಕೆಂದಿಲ್ಲ. ಮೂಗು ನಾಲಗೆಗಳಿಗೆ ತಿಳಿಯದುದನ್ನು ಕಂಡುಹಿಡಿಯಲೆಂದೇ ತಪಾಸಣೆ ಇರುವುದು.

ಅಧಿಕಾರಿ ನೋಡುವುದೇನು?

ಈಗ ಜಾರಿಯಲ್ಲಿರುವುದು 2006ರ ಆಹಾರ ಸುರಕ್ಷಾ ಕಾನೂನು. 2011ರ ಆಗಸ್ಟ್ 5ರಂದು ಅದು 1954ರ ಕಲಬೆರಕೆ ತಡೆ ಕಾನೂನಿನ ಸ್ಥಾನಕ್ಕೆ ಬಂದಿತು. ಲೈಸನ್ಸು ಅಥವಾ ನೋಂದಣಿ ಪತ್ರ, ನೀರಿನ ಪರೀಕ್ಷೆಯ ವರದಿ, ಕೆಲಸಗಾರರ ಹೆಲ್ತ್ ಕಾರ್ಡು – ಇವನ್ನು ಅಧಿಕಾರಿ ಮೊದಲು ಕೇಳುವುದುಂಟು. ಬಳಿಕ ಅಡಿಗೆಮನೆ. ಹಸಿ ಮಾಂಸವನ್ನೂ ಬೆಂದ ಪದಾರ್ಥವನ್ನೂ ಬೇರೆ ಬೇರೆ ಇಟ್ಟಿದೆಯೇ, ಬಿಸಿಯಾಗಿಡಬೇಕಾದುದು 60 ಡಿಗ್ರಿಗಿಂತ ಮೇಲೆಯೂ ತಣ್ಣಗಿಡಬೇಕಾದುದು 5 ಡಿಗ್ರಿಗಿಂತ ಕೆಳಗೂ ಇದೆಯೇ, ಚರಂಡಿ ಕಟ್ಟಿನಿಂತಿದೆಯೇ ಎಂದು ನೋಡುತ್ತಾರೆ. ಹಸಿ ಮೊಟ್ಟೆಯ ಮಯೊನೈಸನ್ನು ಕೇರಳ ಸರಕಾರವು 2023ರ ಜನವರಿಯಲ್ಲಿ ನಿಷೇಧಿಸಿತು.

ಸಂಶಯ ಬಂದಲ್ಲಿ ಮಾದರಿ ತೆಗೆಯುವರು. ತೆಗೆದುಕೊಂಡ ಪದಾರ್ಥಕ್ಕೆ ಪೇಟೆಯ ಕ್ರಯವನ್ನು ಕೊಡಲೇಬೇಕು. ಮಾದರಿಯನ್ನು ನಾಲ್ಕು ಪಾಲು ಮಾಡಿ ಮುದ್ರೆ ಹಾಕುವುದು ಕ್ರಮ. ಒಂದು ಪಾಲು ಸರಕಾರದ ವಿಶ್ಲೇಷಕರಿಗೆ. ಎರಡು ಪಾಲು ಮೇಲಧಿಕಾರಿಯ ವಶದಲ್ಲಿ. ನಾಲ್ಕನೆಯದನ್ನು, ಅಂಗಡಿಯವರು ಕೇಳಿಕೊಂಡರೆ, ಮಾನ್ಯತೆ ಪಡೆದ ಬೇರೊಂದು ಪ್ರಯೋಗಶಾಲೆಗೆ ಕಳುಹಿಸಬೇಕು. ಈ ಹಕ್ಕು ಇರುವುದನ್ನು ತಿಳಿದವರು ಕಡಿಮೆ. ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ ಅಪೀಲಿಗೆ ದಾರಿಯಿದೆ.

ಲೋಪ ಕಂಡಲ್ಲಿ ಸರಿಪಡಿಸಲು ನೋಟೀಸು ಕೊಡಬಹುದು. ಅದಕ್ಕೆ 14 ದಿನಕ್ಕೆ ಕಡಿಮೆಯಿಲ್ಲದ ವಾಯಿದೆ ಇರಬೇಕು. ಜನರ ಜೀವಕ್ಕೆ ಅಪಾಯವಿದ್ದಲ್ಲಿ ಮಾತ್ರ ವ್ಯಾಪಾರವನ್ನು ಕೂಡಲೇ ನಿಲ್ಲಿಸುವ ಏರ್ಪಾಡು ಬೇರೆ ಇದೆ. ನೋಟೀಸು ಮಲಯಾಳದಲ್ಲಿದೆಯೆಂದು ಕಪಾಟಿನಲ್ಲಿಟ್ಟು ವಾಯಿದೆ ಕಳೆದುಕೊಂಡರೆ ಲೈಸನ್ಸಿಗೇ ಕುತ್ತು. ಓದಲು ಬಾರದ ಕಾಗದದ ಅರ್ಥವನ್ನು ಅಂದೇ ಕೇಳಿ ತಿಳಿಯಬೇಕು. ನಮ್ಮ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳದ ಭಾಷಾ ಕಾನೂನೇ ನಮಗೆ ಕೊಟ್ಟಿತು. ಅದನ್ನು ಬಳಸದೆ ಬಿಡಬಾರದು.

ರೈತರಿಗೆ ಸಂಬಂಧಿಸಿದುದು

ತೋಟದಲ್ಲಿ ಬೆಳೆದುದನ್ನು ಬೆಳೆದಂತೆಯೇ ಮಾರುವ ರೈತನಿಗೆ ಈ ಕಾನೂನು ತಗಲುವುದಿಲ್ಲ. ಆದರೆ ಅದೇ ಹಲಸನ್ನು ಹಪ್ಪಳವಾಗಿಯೋ ಮಾವಿನ ಮಿಡಿಯನ್ನು ಉಪ್ಪಿನಕಾಯಿಯಾಗಿಯೋ ಮಾಡಿ ಮಾರತೊಡಗಿದರೆ ನೋಂದಣಿ ಬೇಕು. ಕುಟುಂಬಶ್ರೀಯ ತಾಯಂದಿರೂ ಇದನ್ನು ಗಮನಿಸಬೇಕು.

ಇನ್ನು ಬಾವಿಯ ಮಾತು. ಮಳೆಗಾಲದಲ್ಲಿ ಅಂಗಳದ ಕೊಳೆನೀರು ಮುರಕಲ್ಲಿನ ಸಂದುಗಳಲ್ಲಿ ಇಳಿದು ಬಾವಿ ಸೇರುವ ಭಯವಿದೆ. ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರೆಂದು ದೊರೆಯುತ್ತದೆ. ಅಡ್ಡಗಲ 2 ಮೀಟರು, ಆಳ 3 ಮೀಟರು ಇದ್ದರೆ 9,420 ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ ಸುಮಾರು 24 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು. ಅದನ್ನು ಬಾಲ್ದಿಯಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಾಲ್ದಿಗೆ ಬಗ್ಗಿಸಿ ಬಾವಿಗಿಳಿಸಿ ಚೆನ್ನಾಗಿ ಕಲಕಬೇಕು. ಅಡಿಯ ಗಸಿಯನ್ನು ಬಾವಿಗೆ ಹಾಕಬಾರದು. ಒಂದು ಗಂಟೆ ಕಳೆದ ಬಳಿಕ ನೀರು ಸೇದಬಹುದು. ಹೋಟೇಲಿನ ಬಾವಿಗೂ ಮನೆಯ ಬಾವಿಗೂ ಇದೇ ಲೆಕ್ಕ.

ಕೊನೆಗೆ ಗಿರಾಕಿಯ ಪಾಲು. ತಿಂದುದರಲ್ಲಿ ಸಂಶಯವಿದ್ದರೆ ದೂರು ಕೊಡುವುದು ಹಗೆತನವಲ್ಲ. ಕೊಂಡ ಪದಾರ್ಥವನ್ನು ಶುಲ್ಕ ತೆತ್ತು ಪರೀಕ್ಷೆ ಮಾಡಿಸುವ ಹಕ್ಕು ಗಿರಾಕಿಗೂ ಇದೆ. ದೋಷ ಕಂಡರೆ ಶುಲ್ಕ ಮರಳಿ ಸಿಗುವುದು. ಚೊಕ್ಕಟವಾಗಿ ಹೋಟೇಲು ನಡೆಸುವವನಿಗೆ ಇದರಿಂದ ನಷ್ಟವಿಲ್ಲ. ಅವನ ಹೆಸರು ಉಳಿಯುವುದೂ ಇದರಿಂದಲೇ.